ರೀವಗಳ ಬಂಡೆಯ ಎದುರು

ಮಾರ್ಚ್ ತಿಂಗಳ ರಂಗನತಿಟ್ಟು ನನಗೆ ಬಲು ಇಷ್ಟ. ಕಾವೇರಿ ಇಳಿದು ಬಂಡೆಗಳು ಮೈ ತೋರಿಸುವ ಕಾಲವದು. ಆ ಬರಿಯ ಬಂಡೆಗಳ ಮೇಲೆಯೇ ನದಿ ರೀವ (ರಿವರ್ ಟರ್ನ್) ಎಂಬ ಹಕ್ಕಿಗಳು ಸಂಸಾರ ಹೂಡುತ್ತವೆ. ಈ ಸಲ ಅವುಗಳಿಗಾಗಿಯೇ ಮೈಸೂರಿನಿಂದ ಹೊರಟು ಬೆಳಗಿನ ಮೊದಲ ದೋಣಿ ಹತ್ತಿದೆ.

ಇಲ್ಲಿನ ನಡುಗಡ್ಡೆಗಳು 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ನದಿಗೆ ಕಟ್ಟಿಸಿದ ಒಡ್ಡಿನಿಂದ ಮೂಡಿದವು. ಪಕ್ಷಿತಜ್ಞ ಸಲೀಂ ಅಲಿ ಇದರ ಬೆಲೆಯನ್ನು ಮೈಸೂರಿನ ಅರಸರಿಗೆ ಮನಗಾಣಿಸಿದ್ದರಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್‌ಸಾರ್ ತಾಣಗಳ ಪಟ್ಟಿಗೂ ಸೇರಿತು.

ದೋಣಿ ಅಲುಗುತ್ತಲೇ ಇರುತ್ತದೆ, ಮುಕ್ಕಾಲಿ ಕೆಲಸಕ್ಕೆ ಬಾರದು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು ಕ್ಲಿಕ್ಕಿಸಬೇಕು. ಚಮಚ ಕೊಕ್ಕರೆಯಂಥ ಬಿಳಿಯ ಹಕ್ಕಿ ಕಪ್ಪು ನೀರಿನೆದುರು ನಿಂತರೆ ಕ್ಯಾಮೆರಾ ಕತ್ತಲನ್ನು ಅಳೆದು ಬೆಳಕನ್ನು ಹೆಚ್ಚಿಸಿಬಿಡುತ್ತದೆ, ಗರಿಗಳ ಎಳೆಯೇ ಕಾಣದಂತಾಗುತ್ತದೆ. ಆದ್ದರಿಂದ ಎಕ್ಸ್‌ಪೋಷರ್ ತುಸು ಇಳಿಸಿಕೊಂಡೆ. ಕಣ್ಣು, ಬೆರಳು, ಉಸಿರು ಮೂರೂ ಒಂದೇ ಕೆಲಸಕ್ಕೆ ನಿಂತಾಗ ಕಚೇರಿಯ ಚಿಂತೆಗೆ ತಲೆಯಲ್ಲಿ ಜಾಗವೇ ಇರುವುದಿಲ್ಲ. ನನಗೆ ನೆಮ್ಮದಿ ಸಿಗುವುದು ಸುಮ್ಮನೆ ಕುಳಿತಾಗಲ್ಲ, ಹೀಗೆ ಒಂದರಲ್ಲೇ ತೊಡಗಿದಾಗ.

ಬಂಡೆಯೊಂದರ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು. ಜೊತೆಯಲ್ಲಿದ್ದವರ ಮೊಬೈಲ್‌ಗಳೆಲ್ಲ ಅತ್ತ ತಿರುಗಿದವು. ನನ್ನ ಕಣ್ಣು ಅದರಾಚೆಯ ಬಂಡೆಯ ಮೇಲಿತ್ತು. ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲಿನ ರೀವವೊಂದು ಮೊಟ್ಟೆಗಳ ಮೇಲೆ ಕುಳಿತಿತ್ತು. ಗೂಡೆನ್ನಲು ಒಂದು ಕಡ್ಡಿಯೂ ಇಲ್ಲ. ಅದರ ಸಂಗಾತಿ ಮೀನು ಕಚ್ಚಿಕೊಂಡು ಬಂದು, ತಲೆ ಬಾಗಿಸಿ, ಕೊಕ್ಕಿನಿಂದ ಕೊಕ್ಕಿಗೆ ದಾಟಿಸಿತು. ಆ ಕ್ಷಣ ಚಿತ್ರದಲ್ಲಿ ಸಿಕ್ಕಿತು. ಸಂಗಾತಿ ಮತ್ತೆ ಹಾರಿ, ನೀರಿಗೆ ಹೊಟ್ಟೆ ತಾಗಿಸಿ ಮೇಲೆದ್ದದ್ದನ್ನು ಮಾತ್ರ ಕ್ಯಾಮೆರಾ ಕೆಳಗಿಳಿಸಿ ಬರಿಗಣ್ಣಿನಿಂದಲೇ ನೋಡಿದೆ. ಎಷ್ಟು ಹಗುರವಾದ ಹಾರಾಟ!

“ಇನ್ನೂ ಸ್ವಲ್ಪ ಹತ್ತಿರ ಹೋಗಬಹುದೇ?” ಎಂದು ಹಿಂದೆ ಕುಳಿತಿದ್ದವರು ಕೇಳಿದರು.

“ಬೇಡ ಸಾರ್, ತಾಯಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ” ಎಂದ ದೋಣಿಯವರು ಹುಟ್ಟನ್ನು ತಿರುಗಿಸಿದರು. ಆ ಮಾತಿಗೆ ಅವರನ್ನು ಎಷ್ಟು ಮೆಚ್ಚಿಕೊಂಡರೂ ಸಾಲದು. ಮೇಲಿನ ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ತಗ್ಗಿನ ಬಂಡೆಗಳು ಮುಳುಗುತ್ತವೆ. ಅಷ್ಟು ಅಪಾಯದ ನಡುವೆ ಮರಿ ಮಾಡುವ ಹಕ್ಕಿಗೆ ನಮ್ಮಿಂದಲೂ ಭಯವಾಗಬಾರದು.

ಮನೆಗೆ ಬಂದು ಚಿತ್ರಗಳನ್ನು ನೋಡುತ್ತಿದ್ದಂತೆ ಹತ್ತಿರದ ಕುಕ್ಕರಹಳ್ಳಿ ಕೆರೆಯ ನೆನಪಾಯಿತು. ಅಲ್ಲಿನ ಹೆಜ್ಜಾರ್ಲೆ, ನೀರುಕಾಗೆಗಳನ್ನು ದಿನವೂ ನಡಿಗೆಯಲ್ಲಿ ದಾಟಿ ಹೋಗುತ್ತೇನೆ. ನಾಳೆಯಿಂದ ಕ್ಯಾಮೆರಾ ಜೊತೆಗಿರುತ್ತದೆ. ಮೊದಲು, ನೀರುಕಾಗೆ ರೆಕ್ಕೆ ಹರವಿ ಒಣಗಿಸುವ ಭಂಗಿಯನ್ನು ಎದುರು ಬೆಳಕಿನಲ್ಲಿ ತೆಗೆಯಬೇಕು.