ಮೈಸೂರು ರೈಲಿಳಿದು ಮೆಜೆಸ್ಟಿಕ್ ಮೆಟ್ರೋ ಹತ್ತುವವರಿಗೆ

ಮೈಸೂರು, ಮಂಡ್ಯ ಕಡೆಯಿಂದ ರೈಲಲ್ಲಿ ಬೆಂಗಳೂರಿಗೆ ಹೋಗುವವರು ರಾಮನಗರ ದಾಟುವಷ್ಟರಲ್ಲಿ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನೀವು ಹತ್ತಬೇಕಾದ ಮೆಟ್ರೋ ನೇರಳೆ ಲೈನೋ, ಹಸಿರು ಲೈನೋ? ಸಿಟಿ ಸ್ಟೇಷನ್ನಿನಲ್ಲಿ ಯಾವ ಕಡೆಯಿಂದ ಹೊರಗೆ ಬರಬೇಕು ಅನ್ನೋದು ಅದರ ಮೇಲಿದೆ.

ವಿಧಾನಸೌಧ, ಎಂ.ಜಿ. ರೋಡ್, ಇಂದಿರಾನಗರ, ವೈಟ್‌ಫೀಲ್ಡ್ ಕಡೆ ಹೋಗುವವರಿಗೆ ನೇರಳೆ ಲೈನ್. ಇವರು ಮೆಜೆಸ್ಟಿಕ್‌ಗೆ ನಡೆದು ಹೋಗುವುದೇ ಬೇಡ. ರೈಲಿಳಿದು ಹತ್ತನೇ ಪ್ಲಾಟ್‌ಫಾರಂ ಕಡೆ ಬನ್ನಿ. ಅಲ್ಲೇ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಮೆಟ್ರೋ ಸ್ಟೇಷನ್ ಇದೆ, ಮೆಜೆಸ್ಟಿಕ್‌ಗಿಂತ ಒಂದು ಸ್ಟಾಪ್ ಹಿಂದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಮೆಜೆಸ್ಟಿಕ್‌ನಲ್ಲಿ ಜನ ದಬದಬ ಇಳಿಯುತ್ತಾರೆ, ಅಷ್ಟೇ ಜನ ನುಗ್ಗುತ್ತಾರೆ. ನೀವು ಆಗಲೇ ಒಳಗಿದ್ದರೆ ಇಳಿಯುವವರ ಸೀಟು ಸಿಕ್ಕರೂ ಸಿಗಬಹುದು.

ಮಲ್ಲೇಶ್ವರಂ, ಯಶವಂತಪುರ, ಪೀಣ್ಯ, ಕೆ.ಆರ್. ಮಾರ್ಕೆಟ್, ಜಯನಗರ ಅಂದರೆ ಹಸಿರು ಲೈನ್. ಇವರು ಒಂದನೇ ಪ್ಲಾಟ್‌ಫಾರಂ ಕಡೆ, ಅಂದರೆ ಮುಂಬಾಗಿಲಿನಿಂದ ಹೊರಬಂದು ಬಸ್ ಸ್ಟ್ಯಾಂಡ್ ಕಡೆ ನಡೆಯಬೇಕು. ಲಗೇಜು ಜಾಸ್ತಿ ಇದ್ದರೆ, ವಯಸ್ಸಾದವರು ಜೊತೆಗಿದ್ದರೆ, ಹತ್ತನೇ ಪ್ಲಾಟ್‌ಫಾರಂ ಕಡೆಯೇ ಮೆಟ್ರೋ ಹತ್ತಿ ಒಂದು ಸ್ಟಾಪ್ ಹೋಗಿ ಒಳಗೇ ಲೈನ್ ಬದಲಾಯಿಸಿ. ಗೇಟು ದಾಟಿ ಹೊರಗೆ ಹೋಗಬೇಡಿ, ಹೋದರೆ ಮತ್ತೆ ಟಿಕೆಟ್ ತಗೋಬೇಕು.

ಇನ್ನು ಮೆಜೆಸ್ಟಿಕ್ ಒಳಗಿನ ಕಥೆ. ಬೋರ್ಡಿನಲ್ಲಿ ಇದರ ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ. ನೇರಳೆಯೂ ಹಸಿರೂ ಸೇರುವುದು ಇಲ್ಲೊಂದೇ ಕಡೆ, ಅದಕ್ಕೇ ಈ ಪಾಟಿ ಜನ. ಹಸಿರು ಲೈನ್ ಇನ್ನೂ ಕೆಳಗಿದೆ, ಎಸ್ಕಲೇಟರ್ ಇಳಿಯಬೇಕು. ಬಣ್ಣ ಗೊತ್ತಿದ್ದರೆ ಸಾಲದು, ಕೊನೆಯ ಸ್ಟೇಷನ್ನಿನ ಹೆಸರೂ ನೆನಪಿರಲಿ. ನೇರಳೆಗೆ ಒಂದು ತುದಿ ವೈಟ್‌ಫೀಲ್ಡ್, ಇನ್ನೊಂದು ಚಲ್ಲಘಟ್ಟ. ಹಸಿರಿಗೆ ಮಾದಾವರ ಮತ್ತು ರೇಷ್ಮೆ ಸಂಸ್ಥೆ. ಜಯನಗರಕ್ಕೆ ಹೋಗುವವರು ರೇಷ್ಮೆ ಸಂಸ್ಥೆ ಅಂತ ಬರೆದಿರುವ ಕಡೆ ನಿಲ್ಲಬೇಕು. ಜನ ಹೋದ ಕಡೆ ಸುಮ್ನೆ ಹೋಗಬೇಡಿ, ಅವರಿಗೆ ಪೀಣ್ಯದಲ್ಲಿ ಡ್ಯೂಟಿ ಇರುತ್ತೆ!

ಜಯದೇವ ಆಸ್ಪತ್ರೆಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋಗುವವರು ಹಸಿರು ಲೈನಿನಲ್ಲಿ ಆರ್.ವಿ. ರೋಡ್ ತನಕ ಹೋಗಿ ಹಳದಿ ಲೈನ್ ಹಿಡಿಯಬಹುದು. ಅದು 2025ರ ಆಗಸ್ಟ್‌ನಲ್ಲಿ ಶುರುವಾಯಿತು.

ಟಿಕೆಟ್ಟನ್ನು ರೈಲಲ್ಲಿ ಕೂತೇ ಮೊಬೈಲ್‌ನಲ್ಲಿ ಕ್ಯೂಆರ್ ತಗೊಂಡುಬಿಡಿ. ಬೆಳಗಿನ ಹೊತ್ತು ಕೌಂಟರ್ ಸಾಲು ನೋಡಿದರೆ ತಲೆ ತಿರುಗುತ್ತೆ. 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ಕನಿಷ್ಠ 10 ರೂಪಾಯಿ, ಗರಿಷ್ಠ 90. ಶಕ್ತಿ ಯೋಜನೆಯಲ್ಲಿ ಊರಿಂದ ಬಸ್ಸಲ್ಲಿ ಬಿಟ್ಟಿ ಬಂದ ಹೆಂಗಸರಿಗೆ ಇದು ಸ್ವಲ್ಪ ಚುರುಕ್ ಅನ್ನಿಸುತ್ತೆ, ನಿಜ. ಮೆಟ್ರೋಗೆ ಶಕ್ತಿ ಇಲ್ಲ.

ಬಸ್ಸಲ್ಲಿ ಬರುವವರು ಮೆಜೆಸ್ಟಿಕ್ ತನಕ ಟ್ರಾಫಿಕ್‌ನಲ್ಲಿ ಕೂರುವುದು ದಂಡ. ಕೆಂಗೇರಿಯಲ್ಲಿ ಇಳಿದರೆ ಬಸ್ ಟರ್ಮಿನಲ್ ಹತ್ತಿರವೇ ಮೆಟ್ರೋ ಇದೆ. ಆದರೆ ಬನಶಂಕರಿಗೆ ಹೋಗುವವರು ಮೆಟ್ರೋ ಆಸೆ ಬಿಡಿ. ಅದು ಮೆಜೆಸ್ಟಿಕ್ ತನಕ ಹೋಗಿ ಮತ್ತೆ ದಕ್ಷಿಣಕ್ಕೆ ಬರುವ ಸುತ್ತು. ನಾಯಂಡಹಳ್ಳಿಯಲ್ಲಿ ಇಳಿದು ರಿಂಗ್ ರೋಡ್ ಬಸ್ ಹಿಡಿಯುವುದೇ ವಾಸಿ. ಶಕ್ತಿಯೂ ನಡೆಯುತ್ತೆ.

ವಾಪಸ್ ಬರುವಾಗ, ಎಂ.ಜಿ. ರೋಡ್ ಕಡೆಯಿಂದ ಬರುವವರು ಮೆಜೆಸ್ಟಿಕ್‌ನಲ್ಲಿ ಎಲ್ಲರೂ ಇಳಿದರೂ ನೀವು ಇಳಿಯಬೇಡಿ. ಮುಂದಿನ ಸ್ಟಾಪಿನಲ್ಲಿ ಇಳಿದರೆ ಹತ್ತನೇ ಪ್ಲಾಟ್‌ಫಾರಂ ಕಡೆ ಬರುತ್ತೀರಿ. ಸಂಜೆಯಾದರೆ ರೈಲಿನ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಸ್ಟೇಷನ್ ಸೇರುವ ಹಾಗೆ ಹೊರಡಿ. ನಿಮ್ಮ ರೈಲು ಯಾವ ಪ್ಲಾಟ್‌ಫಾರಂನಲ್ಲಿದೆ ಅಂತ ನೋಡಿಕೊಂಡು ಮೇಲ್ಸೇತುವೆ ಹತ್ತಿ ಇಳಿಯುವುದಕ್ಕೂ ಹೊತ್ತು ಬೇಕಲ್ವಾ?