ರಿಪೇರಿ ಬೇಕು, ಮಾರಾಟಕ್ಕಿವೆ

ಕಪಾಟಿನಲ್ಲಿಟ್ಟ ಕ್ಯಾಮೆರಾ ಇಟ್ಟ ಹಾಗೇ ಇರುತ್ತದೆ ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಮುಟ್ಟದೇ ಇದ್ದರೂ ಅದು ಒಳಗೊಳಗೇ ಕೆಡುತ್ತಿರುತ್ತದೆ. ಗೇರುಗಳ ಗ್ರೀಸು ಗಟ್ಟಿಯಾಗುತ್ತದೆ. ಬೆಳಕು ನುಗ್ಗದಂತೆ ಹಿಂಬಾಗಿಲ ಅಂಚಿಗೆ ಅಂಟಿಸಿದ ಸ್ಪಂಜು ಡಾಂಬರಿನ ಹಾಗೆ ಜಿಗುಟಾಗುತ್ತದೆ. ಗಾಳಿಯಲ್ಲಿ ತೇವ ಇದ್ದರಂತೂ ಲೆನ್ಸಿಗೆ ಬೂಸ್ಟು ಗ್ಯಾರಂಟಿ. ನನ್ನ ಹಳೇ ರೀಲ್ ಕ್ಯಾಮೆರಾಗಳನ್ನು ಮಾರಲು ಹೊರಟಿದ್ದು ಇದಕ್ಕೇ. ದುಡ್ಡು ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ, ಆದರೆ ಅದು ಎರಡನೇ ಕಾರಣ.

ಹೆಚ್ಚಿನವನ್ನು ನಾನು ಕೊಂಡಾಗಲೇ ಅವು ಕೆಟ್ಟಿದ್ದವು. ಕೆಟ್ಟದ್ದು ಅಗ್ಗಕ್ಕೆ ಸಿಗುತ್ತದೆ, ಬಿಚ್ಚಿ ಸರಿ ಮಾಡುವುದರಲ್ಲಿ ಒಂದು ಖುಷಿಯೂ ಇದೆ. ಸಣ್ಣ ಸ್ಕ್ರೂಡ್ರೈವರ್‌ಗಳು ಬಂದವು, ಲೆನ್ಸ್ ಉಂಗುರ ತಿರುಗಿಸುವ ಸ್ಪ್ಯಾನರ್ ಬಂತು. ಕೆಲವು ಕ್ಯಾಮೆರಾ ಸರಿಯೂ ಆದವು. ಮಿಕ್ಕವು ಸರದಿ ಕಾಯುತ್ತ ಕೂತವು. ಈಗ ಕಣ್ಣಿಗೆ ಕನ್ನಡಕ ಬಂದಿದೆ, ಎಳ್ಳಿನಷ್ಟು ಚಿಕ್ಕ ಸ್ಕ್ರೂ ಕೆಳಗೆ ಬಿದ್ದರೆ ಹುಡುಕುವ ತಾಳ್ಮೆ ಉಳಿದಿಲ್ಲ.

ಹಾಗಾಗಿ ಒಂದು ಭಾನುವಾರ ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತೆ. ಒಂದು ಟಾರ್ಚು, ಒಂದಷ್ಟು ಹತ್ತಿ ಕಡ್ಡಿ, ಐಸೊಪ್ರೊಪೈಲ್ ಆಲ್ಕೋಹಾಲ್, ಹೊಸ ಬ್ಯಾಟರಿಗಳು, ಬರೆದುಕೊಳ್ಳಲು ಒಂದು ನೋಟ್‌ಬುಕ್. ಮಾರುವವರು ಸಾಮಾನ್ಯವಾಗಿ "ಚೆಕ್ ಮಾಡಿಲ್ಲ, ಇದ್ದ ಹಾಗೇ ಕೊಡುತ್ತೇವೆ" ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಅದನ್ನು ಕಂಡರೆ ಆಗುವುದಿಲ್ಲ. ಬ್ಯಾಟರಿ ಹಾಕಿ ಒಂದು ಸಲ ಬಟನ್ ಒತ್ತುವುದಕ್ಕೆ ಎಷ್ಟು ಹೊತ್ತು ಬೇಕು? ಬಹಳ ಸಲ ಒತ್ತಿ ನೋಡಿಯೇ ಇರುತ್ತಾರೆ, ಹೇಳುವುದಿಲ್ಲ ಅಷ್ಟೇ.

ಮೊದಲು ಕೈಗೆ ಬಂದಿದ್ದು ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾದ ಗಟ್ಟಿ ಪಿಂಡ. ಇದರ ಶಟರ್‌ಗೆ, ಅಂದರೆ ರೀಲಿಗೆ ಬೆಳಕು ಬಿಡಲು ತೆರೆದು ಮುಚ್ಚುವ ಪರದೆಗೆ, ಬ್ಯಾಟರಿಯೇ ಬೇಡ, ಬೆಳಕು ಅಳೆಯುವ ಮೀಟರ್‌ಗೆ ಮಾತ್ರ ಬೇಕು. ಆ ಮೀಟರ್‌ಗೆ ಆಫ್ ಸ್ವಿಚ್ ಇಲ್ಲ, ಲೆನ್ಸ್ ಮುಚ್ಚಿಟ್ಟರೆ ಬ್ಯಾಟರಿ ಉಳಿಯುತ್ತದೆ. ಹಿಂಬಾಗಿಲು ತೆಗೆದು, ಟಾರ್ಚ್ ಬೆಳಕಿಗೆ ಹಿಡಿದು ಪರದೆ ಎಷ್ಟು ಹೊತ್ತು ತೆರೆದಿರಬೇಕು ಅನ್ನೋ ಸ್ಪೀಡುಗಳನ್ನು ಒಂದೊಂದೇ ಒತ್ತಿ ನೋಡಿದೆ. ವೇಗದವು ಸರಿಯಾಗಿವೆ. ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ಪರದೆ ತೆರೆಯಿತು, ಆದರೆ ಮುಚ್ಚಲು ಮನಸ್ಸೇ ಇಲ್ಲ. ಒಳಗೆ ನಿಧಾನದ ಸ್ಪೀಡುಗಳನ್ನು ಹಿಡಿದಿಡುವ ಗೇರುಗಳ ಎಣ್ಣೆ ಒಣಗಿದೆ. ಕ್ಲೀನ್ ಮಾಡಿ ಹೊಸ ಎಣ್ಣೆ ಬಿಟ್ಟರೆ ಸರಿಹೋಗುವ ಕೇಸು. ಹಾಗೇ ಬರೆದುಕೊಂಡೆ.

ಒಲಿಂಪಸ್ ಓಎಂ-1 ಸ್ವಲ್ಪ ಬೇಜಾರು ಮಾಡಿತು. ಇದು 1972ರಲ್ಲಿ ಎಂ-1 ಅನ್ನೋ ಹೆಸರಿನಲ್ಲಿ ಬಂದಿತ್ತು. ಲೈಕಾದವರು ಆಕ್ಷೇಪ ಎತ್ತಿದ ಮೇಲೆ ಓಎಂ-1 ಆಯಿತು. ವಿನ್ಯಾಸ ಯೋಶಿಹಿಸಾ ಮೈತಾನಿ ಅವರದ್ದು. ಆಗಿನ ಬೇರೆ ಎಸ್‌ಎಲ್‌ಆರ್‌ಗಳ (ಒಳಗಿನ ಕನ್ನಡಿಯ ಮೂಲಕ ಲೆನ್ಸಿನ ದೃಶ್ಯವನ್ನೇ ತೋರಿಸುವ ಕ್ಯಾಮೆರಾಗಳ) ಪಕ್ಕ ಇಟ್ಟರೆ ಇದು ಮಗು. ಆದರೆ ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟರೆ ಮಧ್ಯದಲ್ಲಿ ಕಪ್ಪು ಕಲೆ. ದೃಶ್ಯವನ್ನು ಕಣ್ಣಿಗೆ ತಿರುಗಿಸುವ ಗಾಜಿನ ಪ್ರಿಸಂ ಪಕ್ಕ ಇಟ್ಟಿದ್ದ ಸ್ಪಂಜು ಕೊಳೆತು, ಗಾಜಿನ ಮೇಲಿನ ಬೆಳ್ಳಿ ಲೇಪವನ್ನು ತಿಂದುಹಾಕಿದೆ. ಫೋಟೋದಲ್ಲಿ ಆ ಕಲೆ ಬರುವುದಿಲ್ಲ, ನೋಡುವ ಕಣ್ಣಿಗೆ ಮಾತ್ರ ಕಿರಿಕಿರಿ. ಒಳ್ಳೇ ಪ್ರಿಸಂ ಬೇಕೆಂದರೆ ಇನ್ನೊಂದು ಕ್ಯಾಮೆರಾ ಬಿಚ್ಚಬೇಕು. ಜೊತೆಗೆ ಬ್ಯಾಟರಿ ತಲೆನೋವು. ಇದರ ಮೀಟರ್ 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಮಾಡಿದ್ದು. ಪಾದರಸ ವಿಷ ಅಂತ ಅವನ್ನು ನಿಲ್ಲಿಸಿಬಿಟ್ಟರು. 1.5 ವೋಲ್ಟಿನ ಮಾಮೂಲಿ ಬ್ಯಾಟರಿ ಹಾಕಿದರೆ ಮೀಟರ್ ತಪ್ಪು ಲೆಕ್ಕ ಹೇಳುತ್ತದೆ. ಕಿವಿಯ ಮಷಿನ್‌ಗೆ ಹಾಕುವ ಝಿಂಕ್-ಏರ್ ಬ್ಯಾಟರಿಯ ವೋಲ್ಟು ಹತ್ತಿರದಲ್ಲಿದೆ, ಸುತ್ತ ಒಂದು ಉಂಗುರ ಕೊಟ್ಟು ಕೂರಿಸಿದರೆ ಕೆಲಸ ನಡೆಯುತ್ತದೆ. ಕೆಲವೇ ವಾರಕ್ಕೆ ಸಾಯುತ್ತದೆ, ಅದು ಬೇರೆ ಮಾತು.

ಯಾಶಿಕಾ ಎಲೆಕ್ಟ್ರೋ 35ರ ರೀವೈಂಡ್ ಹಿಡಿ ತಿರುಗಿಸಿದೆ. ಬಿಗಿಯಾಗಿದೆ! ಅಂದರೆ ಒಳಗೆ ರೀಲ್ ಇದೆ. ಪುಣ್ಯಕ್ಕೆ ಬಾಗಿಲು ತೆಗೆದಿರಲಿಲ್ಲ, ತೆಗೆದಿದ್ದರೆ ಬೆಳಕು ಬಿದ್ದು ರೀಲ್ ಹಾಳಾಗುತ್ತಿತ್ತು. ಕ್ಯಾಮೆರಾ ಮಾರುವವರು ಮೊದಲು ಮಾಡಬೇಕಾದ್ದು ಇದೊಂದು, ಬಾಗಿಲಿಗೆ ಕೈ ಹಾಕುವ ಮುಂಚೆ ಆ ಹಿಡಿ ತಿರುಗಿಸಿ ನೋಡುವುದು. ನಿಧಾನಕ್ಕೆ ಸುತ್ತಿ ಹೊರಗೆ ತೆಗೆದೆ. ನಾನು ಹಾಕಿದ ರೀಲಲ್ಲ, ಹಿಂದಿನ ಮಾಲೀಕರದ್ದು. ಇನ್ನು ಕ್ಯಾಮೆರಾದ ವಿಷಯ. ಇದರಲ್ಲಿ ರೀಲ್ ಮುಂದೆ ಸರಿಸುವಾಗ ಒಳಗೆ 'ಟಕ್' ಅಂತ ಒಂದು ಸದ್ದು ಬರಬೇಕು. ಬರಲಿಲ್ಲ. ಒಳಗಿನ ಚಿಕ್ಕ ರಬ್ಬರ್ ತುಂಡು ಪುಡಿಯಾಗಿದೆ. ಅದಿಲ್ಲದಿದ್ದರೆ ಎಕ್ಸ್‌ಪೋಶರ್, ಅಂದರೆ ರೀಲಿಗೆ ಬೀಳುವ ಬೆಳಕಿನ ಲೆಕ್ಕ, ಹಳ್ಳ ಹಿಡಿಯುತ್ತದೆ. ಪುಟ್ಟ ರಬ್ಬರ್ ತುಂಡು, ಆದರೆ ಅದನ್ನು ಮುಟ್ಟಲು ಅರ್ಧ ಕ್ಯಾಮೆರಾ ಬಿಚ್ಚಬೇಕು.

ಕ್ಯಾನನ್ ಎಇ-1 ಪ್ರತಿ ಕ್ಲಿಕ್ಕಿಗೂ 'ಕೀಂಯ್' ಅನ್ನುತ್ತಿತ್ತು. ಕನ್ನಡಿ ಎತ್ತುವ ಗೇರಿನ ಎಣ್ಣೆ ಒಣಗಿದರೆ ಹೀಗಾಗುತ್ತದೆ, ಈ ಮಾಡೆಲ್ಲಿಗೆ ಇದು ಮಾಮೂಲಿ ಕಾಯಿಲೆ. ಮಿನೋಲ್ಟಾ ಎಕ್ಸ್-700 ಅಂತೂ ಮಿಸುಕಲೇ ಇಲ್ಲ. ಝೆನಿಟ್-ಇ ಒಂದಿತ್ತು. ಅದನ್ನು ಸುಮ್ನೆ ಪಕ್ಕಕ್ಕಿಟ್ಟೆ, ಮೀಟರ್ ಮುಳ್ಳು ಸತ್ತಿತ್ತು, ಪರದೆಯೂ ಸಿಕ್ಕಿಕೊಂಡಿತ್ತು. ಲೆನ್ಸುಗಳನ್ನು ಒಂದೊಂದಾಗಿ ಟಾರ್ಚಿಗೆ ಹಿಡಿದೆ. ಎರಡರಲ್ಲಿ ಬೂಸ್ಟಿನ ಎಳೆಗಳು. ಬೂಸ್ಟನ್ನು ಒರೆಸಬಹುದು, ಆದರೆ ಅದು ಬಿಡುವ ಆಮ್ಲ ಗಾಜಿನ ಲೇಪಕ್ಕೆ ತಗುಲಿದ್ದರೆ ಗುರುತು ಹೋಗುವುದಿಲ್ಲ. ಅವನ್ನು ಬೇರೆ ಲೆನ್ಸುಗಳ ಜೊತೆ ಇಡದೆ ಪ್ರತ್ಯೇಕ ಕವರಿಗೆ ಹಾಕಿದೆ.

ಜಾಹೀರಾತಿನಲ್ಲಿ ಇದನ್ನೆಲ್ಲ ಇದ್ದದ್ದು ಇದ್ದ ಹಾಗೆ ಬರೆದೆ. ಕಲೆಯ ಫೋಟೋ, ಬೂಸ್ಟಿನ ಫೋಟೋ, 'ಕೀಂಯ್' ಸದ್ದಿನ ವಿಡಿಯೋ. "ಇಷ್ಟೆಲ್ಲ ದೋಷ ಬರೆದರೆ ಯಾರು ತಗೋತಾರೆ?" ಅಂತ ಮನೆಯವಳು ನಕ್ಕಳು. ಆದರೆ ಫೋನು ಬಂದಿದ್ದು ಅದಕ್ಕೇ. ಕೆಟ್ಟ ಕ್ಯಾಮೆರಾ ಕೊಳ್ಳುವವನಿಗೆ ಅದು ಕೆಟ್ಟಿದೆ ಅಂತ ಗೊತ್ತೇ ಇರುತ್ತದೆ. ಏನು ಕೆಟ್ಟಿಲ್ಲ ಅಂತ ತಿಳಿಯಬೇಕು ಅವನಿಗೆ.

ಮೊದಲು ಬಂದವಳು ಕಾಲೇಜು ಹುಡುಗಿ. ಎಇ-1 ಕೈಗೆತ್ತಿಕೊಂಡು ಕ್ಲಿಕ್ ಮಾಡಿದಳು. "ಅಂಕಲ್, ಇದು ಕೆಮ್ಮುತ್ತಲ್ವಾ?" "ಕೆಮ್ಮುತ್ತಮ್ಮಾ, ಒಂದು ಹನಿ ಎಣ್ಣೆ ಬೇಕು. ನೀನೇ ಬಿಡೋಕೆ ಹೋಗಬೇಡ, ಗೊತ್ತಿರೋರ ಹತ್ರ ಬಿಡಿಸು" ಅಂದೆ. ಎಣ್ಣೆ ಜಾಸ್ತಿಯಾಗಿ ಶಟರ್ ಪರದೆಗೆ ಹರಿದರೆ ಕೆಮ್ಮು ಹೋಗಿ ಉಸಿರೇ ನಿಂತೀತು. ಬ್ಯಾಟರಿ ಇಲ್ಲದೆ ಈ ಕ್ಯಾಮೆರಾ ಒಂದು ಕ್ಲಿಕ್ಕೂ ಕೊಡುವುದಿಲ್ಲ ಅಂತಲೂ ಹೇಳಿದೆ. ತಲೆಯಾಡಿಸಿ ತಗೊಂಡು ಹೋದಳು.

ಸಂಜೆ ಬಂದವರು ರಿಪೇರಿ ಮಾಡುವವರು. ಮಾತು ಕಡಿಮೆ. ಓಎಂ-1 ಎತ್ತಿಕೊಂಡು, ಕಿವಿಗೆ ಹಿಡಿದು ಎಲ್ಲ ಸ್ಪೀಡೂ ಕೇಳಿಸಿಕೊಂಡರು. "ಶಟರ್ ಚೆನ್ನಾಗಿದೆ ಸಾರ್. ನನ್ನ ಹತ್ರ ಇನ್ನೊಂದಿದೆ, ಅದರ ಪ್ರಿಸಂ ಕ್ಲೀನಾಗಿದೆ, ಶಟರ್ ಹೋಗಿದೆ" ಅಂದರು. ಎರಡು ಸೇರಿ ಒಂದಾಗುತ್ತದೆ. ಯಾಶಿಕಾ ನೋಡಿ, "ರಬ್ಬರ್ ತಾನೇ, ನಾನೇ ಕತ್ತರಿಸಿ ಹಾಕ್ತೀನಿ" ಅಂದರು. ಪೆಂಟಾಕ್ಸನ್ನೂ ಕೇಳಿದರು. ಅದನ್ನು ಮಾರುವುದಿಲ್ಲ, ರಿಪೇರಿಗೆ ಮಾತ್ರ ಒಯ್ಯಿರಿ ಅಂದೆ. ಮೇಜಿನ ಮೇಲೆ ಇದ್ದಾಗ ಮಾರುವುದು ಅಂತಲೇ ಇದ್ದೆ. ಅವರು ಒಂದು ಸೆಕೆಂಡಿನ ಸ್ಪೀಡನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಎಬ್ಬಿಸಿದ್ದು ನೋಡಿ ಮನಸ್ಸು ಬದಲಾಯಿತು.

ಎಕ್ಸ್-700 ಬಗ್ಗೆ ನನಗೆ ಆಸೆ ಇರಲಿಲ್ಲ. ಅವರು ತಳದ ಮುಚ್ಚಳ ತೋರಿಸಿ, "ಇದರೊಳಗೆ ಒಂದು ಕೆಪಾಸಿಟರ್ ಇದೆ, ಹೋಗೋದು ಅದೇ. ಹೊಸದು ಹಾಕಿದ್ರೆ ಓಡುತ್ತೆ" ಅಂದರು. ಸುಮ್ನೆ ಒಯ್ಯಿರಿ ಅಂದೆ. ಒಪ್ಪಲಿಲ್ಲ, ಏನೋ ಒಂದು ಕೊಟ್ಟೇ ಹೋದರು. ರೀಲನ್ನೂ ಅವರ ಕೈಗೇ ಕೊಟ್ಟೆ, ಅವರಿಗೆ ತೊಳೆಯುವವರ ಪರಿಚಯ ಇದೆ.

ಮುಂದಿನ ವಾರ ಒಂದು ವಿಡಿಯೋ ಬಂತು. ಎಕ್ಸ್-700 ಶಟರ್ ಟಪಟಪ ಹೊಡೆಯುತ್ತಿದೆ. ಕೆಳಗೆ ಒಂದು ಸಾಲು: "ಸಾರ್, ಸತ್ತಿರೋವು ಇನ್ನೇನಾದ್ರೂ ಇದ್ಯಾ?" ಝೆನಿಟ್‌ನ ಫೋಟೋ ಕಳಿಸಿದೆ. "ಅದು ಬೇಡ" ಅಂತ ತಕ್ಷಣ ಉತ್ತರ ಬಂತು.