ಲಾಗ್‌ಶೀಟಿನ ನಾಲ್ಕು ಸೊನ್ನೆಗಳು

ವಿದ್ಯುತ್ ಉಪಕೇಂದ್ರಗಳ ಆಪರೇಟರುಗಳಿಗೂ ಕಿರಿಯ ಎಂಜಿನಿಯರುಗಳಿಗೂ ಕೃತಕ ಬುದ್ಧಿಮತ್ತೆಯ ಆರಂಭಿಕ ಪಾಠಗಳನ್ನು ಹೇಳಿಕೊಡುವ ಕೆಲಸವನ್ನು ನಾನು ಈಚೆಗೆ ಒಪ್ಪಿಕೊಂಡಿದ್ದೇನೆ. ಮೊದಲ ದಿನ ತರಗತಿಯಲ್ಲಿ ಒಂದು 11 ಕೆವಿ ಫೀಡರಿನ, ಅಂದರೆ ಉಪಕೇಂದ್ರದಿಂದ ಬಳಕೆದಾರರ ಕಡೆಗೆ ವಿದ್ಯುತ್ ಒಯ್ಯುವ ಮಾರ್ಗದ, ಗಂಟೆವಾರು ಲೋಡನ್ನು ಬರೆದಿಟ್ಟ ಲಾಗ್‌ಶೀಟನ್ನು ಪರದೆಯ ಮೇಲೆ ತೋರಿಸಿ, ಹಿಂದಿನ ಅಂಕಿಗಳಿಂದ ಕಲಿತ ತಂತ್ರಾಂಶವು ನಾಳೆಯ ಬೇಡಿಕೆಯನ್ನು ಹೇಗೆ ಅಂದಾಜಿಸುತ್ತದೆ ಎಂದು ವಿವರಿಸುತ್ತಿದ್ದೆ. ಮಧ್ಯಾಹ್ನದ ಕೆಲವು ಗಂಟೆಗಳಲ್ಲಿ ಲೋಡು ಸೊನ್ನೆಯಿತ್ತು; ಆ ಹೊತ್ತಿನಲ್ಲಿ ಬೇಡಿಕೆ ಇರುವುದಿಲ್ಲವೆಂದು ಯಂತ್ರ ಕಲಿಯುತ್ತದೆ ಎಂದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯ ಆಪರೇಟರೊಬ್ಬರು ಎದ್ದು ನಿಂತು, "ಸರ್, ಅದು ರೈತರಿಗೆ ಬೇಡವಾದ ಸೊನ್ನೆಯಲ್ಲ, ನಾವು ಕೊಡದ ಸೊನ್ನೆ" ಎಂದರು.

ಅವರ ಮಾತು ಅಕ್ಷರಶಃ ಸತ್ಯ. ನೀರಾವರಿ ಪಂಪ್‌ಸೆಟ್ಟುಗಳ ಫೀಡರಿಗೆ ಮೂರು ಫೇಸ್ ವಿದ್ಯುತ್ತನ್ನು ಪಾಳಿಯ ಪ್ರಕಾರ ಕೊಡಲಾಗುತ್ತದೆ. ಕರೆಂಟು ಬಂದೊಡನೆ ಆಟೋ ಸ್ಟಾರ್ಟರುಗಳಿಂದಾಗಿ ಪಂಪುಗಳು ಒಟ್ಟಿಗೆ ಚಾಲೂ ಆಗುತ್ತವೆ, ಪಾಳಿ ಮುಗಿದಾಗ ಲೋಡು ಒಮ್ಮೆಗೇ ಕುಸಿಯುತ್ತದೆ. ಹೀಗಾಗಿ ಆ ವಕ್ರರೇಖೆಯಲ್ಲಿ ಕಾಣುವುದು ನಮ್ಮದೇ ಪಾಳಿಪಟ್ಟಿ. ಬೆಳೆಗೆ ನೀರು ಎಷ್ಟು ಬೇಕಿತ್ತೆಂಬುದು ಅದರಲ್ಲಿ ಎಲ್ಲಿಯೂ ದಾಖಲಾಗಿರುವುದಿಲ್ಲ. ಅದೇ ಹಾಳೆಯಲ್ಲಿ ಇನ್ನೂ ಮೂರು ಬಗೆಯ ಸೊನ್ನೆಗಳನ್ನು ತರಗತಿಯವರೇ ಹುಡುಕಿಕೊಟ್ಟರು: ಫೀಡರ್ ಟ್ರಿಪ್ ಆದದ್ದು (ದೋಷದಿಂದ ತಾನಾಗಿಯೇ ಕಡಿತಗೊಂಡದ್ದು), ದುರಸ್ತಿಗೆಂದು ಲೈನ್ ಕ್ಲಿಯರ್ (ಕರೆಂಟು ತೆಗೆಸಿ ಕೆಲಸ ಮಾಡುವ ಅನುಮತಿ) ಪಡೆದದ್ದು, ಮೀಟರೇ ಕೆಟ್ಟಿದ್ದದ್ದು. ಯಂತ್ರದ ಕಣ್ಣಿಗೆ ಈ ನಾಲ್ಕೂ ಒಂದೇ. ಅವುಗಳ ವ್ಯತ್ಯಾಸ ಬಲ್ಲವರು ಆ ಪಾಳಿಯಲ್ಲಿ ಕುಳಿತಿದ್ದವರು ಮಾತ್ರ, ಮತ್ತು ತರಬೇತಿ ಅವರ ಈ ಅರಿವಿನಿಂದಲೇ ಆರಂಭವಾಗಬೇಕೆಂದು ನನಗೆ ಅಂದು ಮನವರಿಕೆಯಾಯಿತು.

ಅಂದಾಜು ತಪ್ಪಿದರೆ ಆಗುವ ತೊಂದರೆ ಸಣ್ಣದಲ್ಲ. ನಮ್ಮ ವಿದ್ಯುತ್ ಜಾಲದಲ್ಲಿ ಒಂದು ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೂ ಉತ್ಪಾದನೆ ಮತ್ತು ಬಳಕೆಯನ್ನು ಮುಂಚಿತವಾಗಿ ನಿಗದಿಪಡಿಸುತ್ತಾರೆ; ವ್ಯತ್ಯಾಸವಾದರೆ ಹಣ ತೆರಬೇಕು, ಆವರ್ತನವನ್ನು 50 ಹರ್ಟ್ಸ್‌ನ ಆಸುಪಾಸಿನಲ್ಲಿ ಕಾಯ್ದುಕೊಳ್ಳಬೇಕು. 2050 ಮೆಗಾವಾಟ್ ಸಾಮರ್ಥ್ಯದ ಪಾವಗಡ ಸೌರ ಪಾರ್ಕಿನ ಮೇಲೆ ಮೋಡ ಹಾದುಹೋದರೆ ಆ ಕೊರತೆಯನ್ನು ಶರಾವತಿಯಂಥ ಜಲವಿದ್ಯುತ್ ಕೇಂದ್ರ ಬೇಗನೆ ತುಂಬಬಲ್ಲದು, ಆದರೆ ಅಲ್ಲಿನ ನೀರನ್ನು ಬೇಸಿಗೆಗೂ ಉಳಿಸಿಕೊಳ್ಳಬೇಕಲ್ಲವೇ? ಈ ಲೆಕ್ಕಾಚಾರದಲ್ಲಿ ಒಳ್ಳೆಯ ಮುನ್ನಂದಾಜು ನಿಜವಾಗಿಯೂ ಬೆಲೆಬಾಳುವಂಥದು.

ಎರಡನೆಯ ಪಾಠವನ್ನು ಟ್ರಾನ್ಸ್‌ಫಾರ್ಮರುಗಳ ಮೂಲಕ ಹೇಳುತ್ತೇನೆ. ನೂರು ಟಿಸಿಗಳಲ್ಲಿ (ಬೀದಿ, ಹೊಲಗಳ ಬಳಿಯ ಟ್ರಾನ್ಸ್‌ಫಾರ್ಮರುಗಳಲ್ಲಿ) ವರ್ಷಕ್ಕೆ ಎರಡು ಸುಡುತ್ತವೆ ಎಂದಿಟ್ಟುಕೊಳ್ಳಿ. ಯಾವುದೂ ಸುಡುವುದಿಲ್ಲವೆಂದು ಕಣ್ಣುಮುಚ್ಚಿ ಹೇಳುವ ತಂತ್ರಾಂಶದ ನಿಖರತೆ ಶೇಕಡ 98, ಉಪಯೋಗ ಮಾತ್ರ ಶೂನ್ಯ. ಇದನ್ನು ಒಮ್ಮೆ ಕೈಯಾರೆ ಲೆಕ್ಕ ಮಾಡಿ ನೋಡಿದವರು ಮುಂದೆ ಯಾವ ಮಾರಾಟಗಾರನ ಶೇಕಡಾವಾರಿಗೂ ಸುಲಭವಾಗಿ ತಲೆದೂಗುವುದಿಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿ ಕರಗಿದ ಅನಿಲಗಳನ್ನು ಪರೀಕ್ಷಿಸುವವರಿಗಂತೂ ಈ ವಿಚಾರ ಬಹಳ ಬೇಗ ಹಿಡಿಸುತ್ತದೆ. ಅಸಿಟಿಲೀನ್ ಕಂಡರೆ ಒಳಗೆ ಕಿಡಿ ಹಾರುತ್ತಿರಬಹುದೆಂದು ಸಂಶಯಪಡುವ, ಸಂಕೇತದಿಂದ ರೋಗವನ್ನು ಊಹಿಸುವ ಅಭ್ಯಾಸ ಅವರಿಗೆ ಮೊದಲೇ ಇದೆ.

ಲೈನ್‌ಮನ್‌ಗಳ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟಾದದ್ದು. ದೋಷ ಎಲ್ಲಿರಬಹುದೆಂದು ಮೊಬೈಲು ತೋರಿಸಲಿ, ಮಳೆಯಲ್ಲಿ ಮೈಲಿಗಟ್ಟಲೆ ನಡೆಯುವುದು ತಪ್ಪಲಿ. ಆದರೆ ಲೈನಿನಲ್ಲಿ ಕರೆಂಟಿಲ್ಲವೆಂದು ಪರದೆ ಹೇಳಿದ ಮಾತ್ರಕ್ಕೆ ಕಂಬ ಹತ್ತಕೂಡದು. ಯಾರದೋ ಮನೆಯ ಜನರೇಟರಿನಿಂದ ವಿದ್ಯುತ್ತು ಹಿಮ್ಮುಖವಾಗಿ ಹರಿದುಬರಬಹುದು. ಲೈನ್ ಕ್ಲಿಯರ್ ಪಡೆದು, ಪರೀಕ್ಷಿಸಿ, ಅರ್ಥಿಂಗ್ ಮಾಡುವ (ತಂತಿಯನ್ನು ನೆಲಕ್ಕೆ ಜೋಡಿಸುವ) ಕ್ರಮದಲ್ಲಿ ಒಂದು ಹೆಜ್ಜೆಯನ್ನೂ ಕೃತಕ ಬುದ್ಧಿಮತ್ತೆಗೆ ಬಿಟ್ಟುಕೊಡಬಾರದು. ಈ ಭಾಗವನ್ನು ಕನ್ನಡದಲ್ಲಿಯೇ, ಎಲ್ಲರೂ ಪ್ರಶ್ನೆ ಕೇಳುವವರೆಗೂ ಬೋಧಿಸುತ್ತೇನೆ. ಇಂಗ್ಲಿಷ್ ಸ್ಲೈಡುಗಳ ಮುಂದೆ ಮೌನವಾಗಿ ಕುಳಿತು ಪ್ರಮಾಣಪತ್ರ ಪಡೆದು ಹೊರಟವರನ್ನು ನಾನು ಬೇರೆಡೆ ಕಂಡಿದ್ದೇನೆ, ಆ ಮೌನ ಈಗಲೂ ನನ್ನನ್ನು ಕಾಡುತ್ತದೆ.

ಆ ಹಿರಿಯ ಆಪರೇಟರರ ಸಲಹೆಯಂತೆ ನಮ್ಮ ಅಭ್ಯಾಸದ ಲಾಗ್‌ಶೀಟಿನಲ್ಲಿ ಈಗ ಒಂದು ಅಂಕಣ ಹೆಚ್ಚಾಗಿದೆ. ಸೊನ್ನೆ ಬರೆದವರು ಪಕ್ಕದಲ್ಲಿ ಅದರ ಕಾರಣವನ್ನೂ ಬರೆಯುತ್ತಾರೆ. ಮುಂದಿನ ತಂಡದವರು ಕಾರಣವಿರುವ ಮತ್ತು ಕಾರಣವಿಲ್ಲದ ಅಂಕಿಗಳೆರಡನ್ನೂ ಯಂತ್ರಕ್ಕೆ ಕಲಿಸಿ, ಎರಡೂ ಅಂದಾಜುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಲಿದ್ದಾರೆ.